ಹೆಪ್‌ಜಿ2, ಹೆಪಾಆರ್‌ಜಿ, ದಾನಿಯ ಕೋಶ: ಮೂರನ್ನೂ ಬಳಸಿ ನೋಡಿದೆ

ನಮ್ಮ ಕಾಸರಗೋಡಿನ ಎಣ್ಮಕಜೆ ಕಡೆ ‘ಮದ್ದು’ ಅಂದರೆ ಜ್ವರಕ್ಕೆ ಕೊಡುವುದೂ ಹೌದು, ತೋಟಕ್ಕೆ ಬಿಡುವುದೂ ಹೌದು. ಲಿವರಿಗೂ ಈ ಭೇದ ಇಲ್ಲ. ಹೊರಗಿನ ರಾಸಾಯನಿಕ ಯಾವುದೇ ಬರಲಿ, ಅದನ್ನು ಬದಲಿಸಿ ಹೊರಗೆ ಹಾಕಲು ಲಿವರಿನಲ್ಲಿ ಕಿಣ್ವಗಳಿವೆ. ಕೆಲವು ರಾಸಾಯನಿಕಗಳು ಬಂದಾಗ ಆ ಕಿಣ್ವಗಳೇ ಜಾಸ್ತಿಯಾಗುತ್ತವೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಹಾಗೆಯೇ. ಅದು ಕೋಶದೊಳಗಿನ ಪಿಎಕ್ಸ್‌ಆರ್ ಎಂಬ ಪ್ರೋಟೀನಿಗೆ ಅಂಟುತ್ತದೆ. ಪಿಎಕ್ಸ್‌ಆರ್ ಹೋಗಿ ಡಿಎನ್‌ಎ ಮೇಲೆ ಕೂರುತ್ತದೆ. ಸಿವೈಪಿ3ಎ4 ಎಂಬ ಕಿಣ್ವ ಏರುತ್ತದೆ. ಗರ್ಭನಿರೋಧಕ ಮಾತ್ರೆಯನ್ನು ಒಡೆಯುವುದೂ ಇದೇ ಕಿಣ್ವ, ಅದಕ್ಕೇ ರಿಫಾಂಪಿಸಿನ್ ತೆಗೆದುಕೊಳ್ಳುವವರಲ್ಲಿ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ.

ಇದನ್ನು ಇಲಿಯಲ್ಲಿ ನೋಡಿ ಪ್ರಯೋಜನವಿಲ್ಲ. ಇಲಿಯ ಪಿಎಕ್ಸ್‌ಆರ್ ರಿಫಾಂಪಿಸಿನ್‌ಗೆ ಜಗ್ಗುವುದಿಲ್ಲ. ಮನುಷ್ಯರ ಕೋಶವೇ ಬೇಕು. ಕಾಸರಗೋಡಿನ ಲ್ಯಾಬೊಂದರಲ್ಲಿ ಮನುಷ್ಯರ ಲಿವರಿನ ಮೂರು ಬಗೆಯ ಕೋಶಗಳನ್ನು ನಾನೇ ಬೆಳೆಸಿ ನೋಡಿದೆ. ಮೂರಕ್ಕೂ ಹಾಕಿದ್ದು ಒಂದೇ: 10 ಮೈಕ್ರೋಮೋಲಾರ್ ರಿಫಾಂಪಿಸಿನ್, 50 ಮೈಕ್ರೋಮೋಲಾರ್ ಒಮೆಪ್ರಜೋಲ್ (ಅಸಿಡಿಟಿಗೆ ಕೊಡುವ ಮದ್ದು), ಹೋಲಿಸಿ ನೋಡುವ ಕಂಟ್ರೋಲಿಗೆ ಬರೀ ಮದ್ದು ಕರಗಿಸುವ ದ್ರವ, ಅಂದರೆ 0.1% ಡಿಎಂಎಸ್‌ಒ.

ಮೊದಲನೆಯದು ಹೆಪ್‌ಜಿ2, ಲಿವರ್ ಗಡ್ಡೆಯಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸುವ ಕೋಶ. ಅಗ್ಗ, ಗಟ್ಟಿ, ಕಲಿಯುವವರ ಕೈಗೂ ಒಗ್ಗುತ್ತದೆ. ಒಮೆಪ್ರಜೋಲ್ ಹಾಕಿದಾಗ ಸಿವೈಪಿ1ಎ1 ಎಂಬ ಇನ್ನೊಂದು ಕಿಣ್ವ ಚೆನ್ನಾಗಿ ಏರಿತು, ಏಕೆಂದರೆ ಅದಕ್ಕೆ ಬೇಕಾದ, ಪಿಎಕ್ಸ್‌ಆರ್ ಅಲ್ಲದ ಎಎಚ್‌ಆರ್ ಎಂಬ ಬೇರೆ ಪ್ರೋಟೀನಿನ ದಾರಿ ಈ ಕೋಶದಲ್ಲಿ ಉಳಿದಿದೆ. ರಿಫಾಂಪಿಸಿನ್‌ಗೆ ಮಾತ್ರ ಮೂರು ಸಲ ಮಾಡಿದರೂ ಕಂಟ್ರೋಲಿಗಿಂತ ಹೆಚ್ಚೇನೂ ಕಾಣಲಿಲ್ಲ. ನನ್ನ ಕೈಯದೇ ತಪ್ಪು ಅಂತ ಹೊಸ ಸ್ಟಾಕ್ ಕೂಡ ಮಾಡಿದೆ. ತಪ್ಪು ಅಲ್ಲಿರಲಿಲ್ಲ. ಗಡ್ಡೆಯಿಂದ ಬಂದ ಈ ಕೋಶದಲ್ಲಿ ಪಿಎಕ್ಸ್‌ಆರ್, ಸಿವೈಪಿ3ಎ4 ಎರಡೂ ತೀರಾ ಕಡಿಮೆ.

ಎರಡನೆಯದು ಹೆಪಾಆರ್‌ಜಿ. ಅದರ ಮೂಲವೂ ಲಿವರ್ ಗಡ್ಡೆಯೇ. ಆದರೆ ತಾಳ್ಮೆ ಇಟ್ಟವರಿಗೆ ಅದು ಲಿವರಿನಂತೆಯೇ ಆಗಿ ತೋರಿಸುತ್ತದೆ. ಎರಡು ವಾರ ಸುಮ್ನೆ ಬೆಳೆಯಲು ಬಿಡಬೇಕು, ಇನ್ನೆರಡು ವಾರ 2% ಡಿಎಂಎಸ್‌ಒದಲ್ಲಿ ಇಡಬೇಕು. ಕೊನೆಗೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೂಲೆ ಮೂಲೆಯಾದ ಲಿವರ್ ಕೋಶಗಳ ಗುಂಪು, ಅವುಗಳ ನಡುವೆ ಪಿತ್ತ ಹರಿಯುವ ಬಿಳಿ ಹೊಳೆಯುವ ಗೆರೆಗಳು, ಸುತ್ತ ಚಪ್ಪಟೆ ಕೋಶಗಳು. ಮೊದಲ ಸಲ ಕಂಡಾಗ ಪಕ್ಕದ ಬೆಂಚಿನವರನ್ನೆಲ್ಲ ಕರೆದು ತೋರಿಸಿದ್ದೆ. ಒಂದು ಎಚ್ಚರ ಬೇಕು. ಆ 2% ಡಿಎಂಎಸ್‌ಒ ಸಿವೈಪಿ3ಎ4 ಅನ್ನು ತಾನೇ ಏರಿಸುತ್ತದೆ. ನಾನು ಅದನ್ನು ತೆಗೆಯದೆ ರಿಫಾಂಪಿಸಿನ್ ಹಾಕಿದೆ. ಕಂಟ್ರೋಲೇ ಮೇಲಿತ್ತು, ಏರಿಕೆ ಪುಟ್ಟದಾಗಿ ಕಂಡಿತು. ಮುಂದಿನ ಸಲ ಮೊದಲೇ ತೆಗೆದೆ, ಏರಿಕೆ ನಿಚ್ಚಳವಾಗಿ ಬಂತು. ನಡುವೆ ಒಂದು ಬ್ಯಾಚ್ ಜೂನ್ ಮಳೆಗೆ ಕರೆಂಟ್ ಹೋಗಿ ಹಾಳಾಯಿತು. ನಾಲ್ಕು ವಾರದ ಕೆಲಸ, ಬಹಳ ನೋವಾಯಿತು.

ಮೂರನೆಯದು ದಾನಿಯ ಲಿವರಿನಿಂದಲೇ ತೆಗೆದ ಕೋಶ. ಹೆಪ್ಪುಗಟ್ಟಿಸಿ ಸಣ್ಣ ಸೀಸೆಯಲ್ಲಿ (ವಯಲ್) ಬರುತ್ತದೆ, ನನ್ನ ತಿಂಗಳ ಫೆಲೋಶಿಪ್ ಒಂದು ವಯಲಿಗೆ ಸಾಲದು. ಅದನ್ನು 37 ಡಿಗ್ರಿ ನೀರಿನಲ್ಲಿ ಹಿಡಿದು, ಒಳಗೆ ಕಡಲೆಬೇಳೆಯಷ್ಟು ಮಂಜು ಉಳಿದಾಗ ಮೇಲೆತ್ತಬೇಕು. ಇವು ಮತ್ತೆ ಬೆಳೆಯುವುದಿಲ್ಲ, ಇರುವ ಕೆಲವೇ ದಿನಗಳಲ್ಲಿ ಕೆಲಸ ಮುಗಿಸಬೇಕು. ಕಸಿಗೆ ಆಗದ ಲಿವರನ್ನು ಯಾರದೋ ಮನೆಯವರು ದುಃಖದಲ್ಲೂ ಒಪ್ಪಿ ಕೊಟ್ಟದ್ದು ಇದು. ಕೈ ತಾನಾಗಿ ಜಾಗ್ರತೆಯಾಗುತ್ತದೆ. ಎರಡೂ ಮದ್ದಿಗೆ ಉತ್ತರ ಬಂತು. ಆದರೆ ಒಬ್ಬ ದಾನಿಯಲ್ಲಿ ಏರಿದಷ್ಟು ಇನ್ನೊಬ್ಬರಲ್ಲಿ ಏರಲಿಲ್ಲ. ಹೊಸ ಮದ್ದಿನ ಪರೀಕ್ಷೆಯಲ್ಲಿ ಕನಿಷ್ಠ ಮೂವರು ದಾನಿಗಳ ಕೋಶ ಕೇಳುವುದು ಇದಕ್ಕೇ.

ನನ್ನ ಆಯ್ಕೆ ಹೆಪಾಆರ್‌ಜಿ, ಕೊನೆಯ ಮಾತಿಗೆ ದಾನಿಯ ಕೋಶ. ಪಿಎಕ್ಸ್‌ಆರ್ ವಿಷಯದಲ್ಲಿ ಹೆಪ್‌ಜಿ2ವಿನ ‘ಇಲ್ಲ’ ನನಗೆ ಉತ್ತರವೇ ಅಲ್ಲ. ನಮ್ಮೂರಿಗೆ ಇದು ದೊಡ್ಡ ವಿಷಯ. ಇಲ್ಲಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ಪಿಎಕ್ಸ್‌ಆರ್ ಮೂಲಕ ಸಿವೈಪಿ2ಬಿ6, ಸಿವೈಪಿ3ಎ4 ಎಂಬ ಎರಡೂ ಕಿಣ್ವಗಳನ್ನು ಏರಿಸುತ್ತದೆ ಎಂಬುದು 2010ರಲ್ಲಿ ಪ್ರಕಟವಾಗಿದೆ.

“ಆ ಕಿಣ್ವ ಜಾಸ್ತಿ ಆದ್ರೆ ವಿಷ ಬೇಗ ಹೋಗ್ತದಲ್ವಾ ಮಗಳೇ?” ಅಂತ ಪಕ್ಕದ ಮನೆಯ ಮಾವ ಕೇಳಿದರು. “ಇಲ್ಲ ಮಾವ,” ಅಂದೆ. ಅದೇ ಕಿಣ್ವಗಳು ಎಂಡೋಸಲ್ಫಾನನ್ನು ಎಂಡೋಸಲ್ಫಾನ್ ಸಲ್ಫೇಟ್ ಮಾಡುತ್ತವೆ. ಅದೂ ವಿಷವೇ. ಮಾವ ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡುತ್ತಾ ಕುಳಿತರು.