ಮೂರು ಮಳೆಗಾಲ ಕಂಡ ಇಂಧನ ಕ್ಯಾನ್‌ಗಳು: ಕೆಡುವುದು ಹೊಟ್ಟೆಯಲ್ಲ, ಬಾಯಿ

ದೋಣಿಗೆ ಕ್ಯಾನ್ ತೆಗೆದುಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ಎಷ್ಟು ಲೀಟರ್ ಅಂತ, ಆಮೇಲೆ ರೇಟು. ಮಲ್ಪೆ, ಕೋಡಿಬೆಂಗ್ರೆ ಕಡೆಯ ಉಪ್ಪುಗಾಳಿಯಲ್ಲಿ ಮೂರು ಮಳೆಗಾಲ ಕಳೆದ ಕ್ಯಾನ್‌ಗಳನ್ನು ಸಾಲಾಗಿ ಇಟ್ಟು ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಮುಚ್ಚಳ ಹೇಗಿದೆ, ಅದರೊಳಗಿನ ವಾಷರ್ ಎಂಥದ್ದು? ಹೊಟ್ಟೆ ಬಿರಿದ ಕ್ಯಾನ್ ಒಂದೇ. ಉಳಿದವೆಲ್ಲ ಕೆಟ್ಟದ್ದು ಬಾಯಿಯಲ್ಲಿ.

ಬಳಕೆ ಇಷ್ಟು: ಫೈಬರ್ ನಾಡದೋಣಿ, 9.9 ಎಚ್‌ಪಿಯ ಎರಡು ಸ್ಟ್ರೋಕಿನ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ) ಎಂಜಿನ್, ಸ್ವರ್ಣಾ ನದಿಯೊಳಗೆ ಮತ್ತು ಅಳಿವೆ ದಾಟಿ ದಡದ ಹತ್ತಿರದ ಕಡಲಿನಲ್ಲಿ. ಕೈಗೆ ಬಂದದ್ದು ನಾಲ್ಕು ಬಗೆ. ಲೂಬ್ ಆಯಿಲ್ ಖಾಲಿಯಾದ 20 ಲೀಟರಿನ ಪ್ಲಾಸ್ಟಿಕ್ ಕ್ಯಾನ್, ದಕ್ಕೆಯಲ್ಲಿ ಎಲ್ಲರ ಕೈಯಲ್ಲೂ ಕಾಣುವ ಎರಡು ಹಿಡಿಯ 35 ಲೀಟರಿನ ಬಿಳಿ ಕ್ಯಾನ್, ಸನ್ನೆ (ಲಿವರ್) ಮುಚ್ಚಳದ ಉಕ್ಕಿನ ಜೆರಿಕ್ಯಾನ್ (10 ಮತ್ತು 20 ಲೀಟರ್), ಮತ್ತೆ ಎಂಜಿನ್ ಜೊತೆಗೇ ಬರುವ ಪೈಪ್ ಕನೆಕ್ಟರಿನ ಟ್ಯಾಂಕ್.

ಪೆಟ್ರೋಲಿಗಾದರೆ ಕಾನೂನೇ ಅರ್ಧ ಆಯ್ಕೆ ಮಾಡಿಕೊಟ್ಟಿದೆ. 1934ರ ಪೆಟ್ರೋಲಿಯಂ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಪಾತ್ರೆ ಬಿಗಿಯಾದ ಮುಚ್ಚಳದ್ದಾಗಿರಬೇಕು. ಲೋಹದ್ದಾದರೆ ಒಂದೊಂದೂ 25 ಲೀಟರ್ ಮೀರಬಾರದು, ಗಾಜು ಅಥವಾ ಪಿಂಗಾಣಿಯದ್ದಾದರೆ 1 ಲೀಟರ್. ಪ್ಲಾಸ್ಟಿಕ್ಕಿನ ಹೆಸರೇ ಅಲ್ಲಿಲ್ಲ. ಬಂಕಿನಲ್ಲಿ ಪ್ಲಾಸ್ಟಿಕ್ ಕ್ಯಾನಿಗೆ ಪೆಟ್ರೋಲ್ ಹಾಕುವುದಿಲ್ಲ ಅಂದರೆ ಹುಡುಗನ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವನು ಹೇಳುವುದು ಸರಿ. 35 ಲೀಟರಿನ ಬಿಳಿ ಕ್ಯಾನ್ ಅಂತೂ ವಸ್ತುವಿನಲ್ಲೂ ತಪ್ಪು, ಅಳತೆಯಲ್ಲೂ ತಪ್ಪು. ಕೆಲವು ದೋಣಿಗಳ ಎಂಜಿನ್ ಓಡುವುದು ಸೀಮೆಎಣ್ಣೆಯಲ್ಲಿ. ಅದು ಹೊತ್ತಿಕೊಳ್ಳಲು 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿನ ಬಿಸಿ ಬೇಕು. ಅದು ಬೇರೆ ವರ್ಗ, ಮಿತಿಯೂ ದೊಡ್ಡದು. ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿ ಹಿಡಿಯುತ್ತದೆ. ಎರಡನ್ನೂ ಒಂದೇ ನಮೂನೆಯ ಕ್ಯಾನಿನಲ್ಲಿ ತುಂಬಿ ಒಟ್ಟಿಗೆ ಇಡುವ ರೂಢಿ ನಮ್ಮಲ್ಲಿದೆ. ಅದು ಬಿಡಬೇಕಾದ ರೂಢಿ.

ಲೂಬ್ ಆಯಿಲ್ ಕ್ಯಾನಿನ ವಿಷಯ ಬೇಗ ಮುಗಿಸಬಹುದು. ಅದರ ಮುಚ್ಚಳ ಮಾಡಿರುವುದೇ ಒಂದು ಸಲ ತೆರೆಯಲಿಕ್ಕೆ. ಒಳಗಿನ ಬಿರಡೆ ಒಮ್ಮೆ ಕಿತ್ತರೆ ಮತ್ತೆ ಕೂರುವುದಿಲ್ಲ. ಕ್ಯಾನ್ ಅಡ್ಡ ಬಿದ್ದರೆ ದೋಣಿಯ ತಳದಲ್ಲಿ ಪೆಟ್ರೋಲ್. ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡುವವರಿದ್ದಾರೆ. ಆ ರಬ್ಬರ್ ಪೆಟ್ರೋಲ್ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಚೂರು ಚೂರಾಗಿ ಕಾರ್ಬ್ಯುರೇಟರಿನ ಜೆಟ್ಟಿಗೆ ಹೋಗಿ ಕೂರುತ್ತದೆ. ಸಿಲಿಕೋನ್ ಗಮ್ಮಿನ ಕತೆಯೂ ಅದೇ. ಪೆಟ್ರೋಲಿಗೆ ನೈಟ್ರೈಲ್ ರಬ್ಬರ್ ಬೇಕು, ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲಿಗೆ ವೈಟಾನ್ ಎಂಬ ರಬ್ಬರ್ ಸಿಕ್ಕರೆ ಇನ್ನೂ ಒಳ್ಳೆಯದು. ಹಳೆಯ ವಾಷರ್ ಹಿಡಿದುಕೊಂಡು ಹೋಗಿ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಹೊಂದಿಸಿ ತನ್ನಿ. ಅಂದಾಜಿನ ವಾಷರ್ ಅಂದಾಜಿಗೇ ಸೋರುತ್ತದೆ.

ಬಿಳಿ ಪ್ಲಾಸ್ಟಿಕ್ ಕ್ಯಾನ್ ಸೀಮೆಎಣ್ಣೆಗೆ ನಿಜಕ್ಕೂ ಚೆನ್ನಾಗಿದೆ. ಹಗುರ, ತುಕ್ಕಿಲ್ಲ, ಒಳಗೆ ಎಷ್ಟಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಆದರೆ ಕಾಣುತ್ತದೆ ಅಂದರೆ ಬಿಸಿಲೂ ಒಳಗೆ ಹೋಗುತ್ತದೆ ಎಂದೇ ಅರ್ಥ. ಎರಡನೇ ಬೇಸಗೆಯ ಹೊತ್ತಿಗೆ ಮೈ ಸುಣ್ಣ ಸವರಿದಂತೆ ಪುಡಿಪುಡಿ, ಆಮೇಲೆ ಹಿಡಿಯ ಬುಡದಲ್ಲಿ ಕೂದಲೆಳೆಯ ಬಿರುಕು. ಹೊಟ್ಟೆ ಬಿರಿದದ್ದು ಎಂದೆನಲ್ಲ, ಅದು ಇದೇ ಬಗೆಯದ್ದು. ಕೊಳ್ಳುವಾಗ ತಿರುಗಿಸಿ ತಳ ನೋಡಿ. ತ್ರಿಕೋನದೊಳಗೆ 2 ಎಂದಿದ್ದರೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್. ಪಕ್ಕದಲ್ಲಿ ಗಡಿಯಾರದ ಹಾಗೆ ಸುತ್ತಲೂ ಅಂಕಿ, ನಡುವೆ ಬಾಣ ಇದ್ದರೆ ಅದು ಅಚ್ಚು ಹಾಕಿದ ತಿಂಗಳು ಮತ್ತು ವರ್ಷ. ಅಂಗಡಿಯ ಮುಂದೆ ಬಿಸಿಲಿನಲ್ಲಿ ನೇತಾಡಿದ ಹಳೆಯ ಸರಕು ಅಲ್ಲೇ ಸಿಕ್ಕಿಬೀಳುತ್ತದೆ. ಹಿಡಿಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿದಾಗ ಬಿಳಿಗೆರೆ ಮೂಡಿದರೆ ಬೇಡ. 35 ಲೀಟರಿನದ್ದನ್ನು ಬಿಡಿ, 20 ಸಾಕು: ಸೀಮೆಎಣ್ಣೆ ಲೀಟರಿಗೆ ಸುಮಾರು 800 ಗ್ರಾಂ, 35 ಲೀಟರ್ ಅಂದರೆ 28 ಕಿಲೋ. ತೂಗಾಡುವ ದೋಣಿಯಲ್ಲಿ ಅದನ್ನು ಒಬ್ಬರೇ ಎತ್ತಿ ಬಗ್ಗಿಸಿ ಸುರಿಯುವುದು ಸೊಂಟಕ್ಕೂ ಒಳ್ಳೆಯದಲ್ಲ, ಕಡಲಿಗೂ ಒಳ್ಳೆಯದಲ್ಲ.

ಇನ್ನು ಉಕ್ಕಿನ ಜೆರಿಕ್ಯಾನ್. 1930ರ ದಶಕದ ಜರ್ಮನ್ ಸೇನೆಯ ವಿನ್ಯಾಸ, ಈಗಲೂ ಹೆಚ್ಚು ಬದಲಾಗಿಲ್ಲ, ಬದಲಾಗಬೇಕಾದ್ದೂ ಕಡಿಮೆ. ಮೂರು ಹಿಡಿ ಇರುವುದು ಚಂದಕ್ಕಲ್ಲ: ಒಬ್ಬ ನಡುವಿನದ್ದು ಹಿಡಿದು ಒಯ್ಯಬಹುದು, ಇಬ್ಬರು ಆಚೀಚೆಯದ್ದು ಹಿಡಿಯಬಹುದು, ಖಾಲಿಯಾದರೆ ಒಂದೇ ಕೈಯಲ್ಲಿ ಎರಡು ಕ್ಯಾನ್. ಕುತ್ತಿಗೆಯೊಳಗೆ ಗಾಳಿ ಕೊಳವೆ ಇರುವುದರಿಂದ ಸುರಿಯುವಾಗ ಗುಳುಗುಳು ಎಂದು ಎಗರುವುದಿಲ್ಲ. ಮೇಲಿನ ಡುಬ್ಬದಲ್ಲಿ ಗಾಳಿಗೆ ಜಾಗ ಇರುತ್ತದೆ. ಹಾಗಾಗಿ 20 ಲೀಟರ್ ಎಂದು ಬರೆದದ್ದಕ್ಕೆ ಕಂಠದ ತನಕ ತುಂಬಿಸಿದರೆ 20ಕ್ಕಿಂತ ಹೆಚ್ಚು ಹಿಡಿಯುತ್ತದೆ. ಬಂಕಿನ ಮೀಟರ್ ಮೋಸ ಎಂದು ಕೂಗಾಡುವ ಮೊದಲು ಇದು ನೆನಪಿರಲಿ ಮಾರಾಯ್ರೆ, ಮತ್ತೆ ಕಂಠದ ತನಕ ತುಂಬಿಸಲೂಬೇಡಿ. ಪೆಟ್ರೋಲ್ ಒಂದು ಡಿಗ್ರಿ ಬಿಸಿಯೇರಿದರೆ ಸುಮಾರು ಸಾವಿರಕ್ಕೆ ಒಂದು ಪಾಲು ಹಿಗ್ಗುತ್ತದೆ. ಬೆಳಿಗ್ಗೆ 28 ಡಿಗ್ರಿಯಲ್ಲಿ ತುಂಬಿದ 19 ಲೀಟರ್ ಮಧ್ಯಾಹ್ನದ ಬಿಸಿಲಿಗೆ 48ಕ್ಕೆ ಏರಿದರೆ 380 ಮಿಲಿಲೀಟರಿನಷ್ಟು ಹೆಚ್ಚು ಜಾಗ ಕೇಳುತ್ತದೆ. ಜಾಗ ಇಲ್ಲದಿದ್ದರೆ ವಾಷರಿನ ಸಂದಿಯಲ್ಲಿ ದಾರಿ ಹುಡುಕುತ್ತದೆ.

ಜೆರಿಕ್ಯಾನಿನ ಶತ್ರು ಒಂದೇ, ತುಕ್ಕು. ಎರಡು ಅರ್ಧಗಳನ್ನು ಬೆಸೆದ ಜೋಡಣೆ ಸುತ್ತಲೂ ಒಳಸರಿದ ತೋಡಿನಂತಿದೆ. ಉಪ್ಪುನೀರು ಅಲ್ಲೇ ನಿಲ್ಲುತ್ತದೆ, ತಳದ ತೋಡಿನಲ್ಲಿ ಬಣ್ಣ ಏಳುತ್ತದೆ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಮಳೆಗೆ ಮೊದಲು, ತಂತಿ ಬ್ರಷ್‌ನಲ್ಲಿ ಉಜ್ಜಿ ಪ್ರೈಮರ್, ಮೇಲೆ ಎಪಾಕ್ಸಿ ಪೇಂಟ್ ಬಳಿದರೆ ಮೂರು ಮಳೆಗಾಲಕ್ಕೂ ತೂತು ಬೀಳುವುದಿಲ್ಲ. ಉಜ್ಜುವ ಮೊದಲು ಕ್ಯಾನ್ ಪೂರ್ತಿ ಖಾಲಿ ಮಾಡಿ, ಮುಚ್ಚಳ ತೆರೆದು ದಿನವಿಡೀ ಬಯಲಲ್ಲಿ ಒಣಗಲು ಬಿಟ್ಟು, ಆಮೇಲೆ ಮುಚ್ಚಿಯೇ ಉಜ್ಜಿ. ಸನ್ನೆಯ ಪಿನ್ನಿಗೆ ಗ್ರೀಸ್ ಇರಲಿ. ಇದನ್ನು ಮರೆತ ಕ್ಯಾನಿನ ಮುಚ್ಚಳ ಎರಡನೇ ವರ್ಷ ಸುತ್ತಿಗೆ ಕೇಳಿತು. ಉಕ್ಕಿನ ಕ್ಯಾನನ್ನು ಸುತ್ತಿಗೆಯಲ್ಲಿ ಬಡಿದು ತೆರೆಯುವುದು ಎಂಥ ಕೆಲಸ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಗ್ಗದವುಗಳಲ್ಲಿ ಒಳಗಿನ ಲೇಪ ಹೊಪ್ಪಳೆ ಏಳುತ್ತದೆ. ಹೊಸ ಕ್ಯಾನಿಗೆ ಕಾಲು ಲೀಟರ್ ಪೆಟ್ರೋಲ್ ಹಾಕಿ ಕುಲುಕಿ ಬಿಳಿ ಬಟ್ಟೆಯಲ್ಲಿ ಸೋಸಿ. ಬಣ್ಣದ ಚಕ್ಕೆ ಬಂದರೆ ಅಂದೇ ವಾಪಸ್ ಕೊಡಿ. ಸತು ಲೇಪಿಸಿದ ತಗಡಿನ ಡಬ್ಬ ಈಗಿನ ಪೆಟ್ರೋಲಿಗೆ ಆಗದು, ಬಿಳಿ ಪುಡಿ ಕಟ್ಟುತ್ತದೆ.

ಎಥೆನಾಲಿನ ಮಾತು ಬಂದಾಗ ನೀರಿನ ಮಾತೂ ಬರಬೇಕು. ಜೂನ್ ಜುಲೈ ತಿಂಗಳಲ್ಲಿ ಯಾಂತ್ರಿಕ ಬೋಟುಗಳು ದಡದಲ್ಲಿರುವಾಗ ನೀರಿಗಿಳಿಯುವುದು ನಾಡದೋಣಿಯೇ, ಗಾಳಿಯಲ್ಲಿ ತೇವ ಅತಿ ಹೆಚ್ಚು ಇರುವುದೂ ಆಗಲೇ. ಅರ್ಧ ಖಾಲಿ ಕ್ಯಾನ್, ಸಡಿಲ ಮುಚ್ಚಳ. ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ ಹಸಿ ಗಾಳಿ ಎಳೆದುಕೊಳ್ಳುತ್ತದೆ. ಎಥೆನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನ ಜೊತೆ ತಾನೂ ತಳಕ್ಕೆ ಇಳಿಯುತ್ತದೆ. ಎರಡು ಸ್ಟ್ರೋಕಿನವರಿಗೆ ದೊಡ್ಡ ಅಪಾಯ ಇಲ್ಲಿದೆ: ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಎಂಜಿನ್ ಎಳೆಯುವುದು ತಳದ್ದನ್ನು. ಆಯಿಲ್ ಇಲ್ಲದ ದ್ರವ ಕುಡಿದ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಎರಡು ವಾರ ಕೂತ ಪೆಟ್ರೋಲನ್ನು ಮೊದಲು ತಳದಿಂದ ಒಂದು ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಇಡಿ. ನಡುವೆ ಗೆರೆ ಕಂಡರೆ ಅದು ಎಂಜಿನ್ನಿಗಲ್ಲ. ಆಯಿಲ್ 50ಕ್ಕೆ 1 ಎಂದು ಕೈಪಿಡಿ ಹೇಳುವ ಎಂಜಿನ್ ಆದರೆ ಲೀಟರಿಗೆ 20 ಮಿಲಿ, 10 ಲೀಟರಿನ ಕ್ಯಾನಿಗೆ 200. ಟಿಸಿ-ಡಬ್ಲ್ಯು3 ಗುರುತಿನ ಔಟ್‌ಬೋರ್ಡ್ ಆಯಿಲ್ಲೇ ಇರಲಿ, ಸ್ಕೂಟರಿನದ್ದು ಬೇಡ. ಅರ್ಧ ಪೆಟ್ರೋಲ್, ಮೇಲೆ ಆಯಿಲ್, ಕುಲುಕಿ, ಆಮೇಲೆ ಉಳಿದರ್ಧ.

ಎಂಜಿನ್ ಜೊತೆ ಬರುವ ಟ್ಯಾಂಕ್ ಸಾಗಿಸುವ ಕ್ಯಾನ್ ಅಲ್ಲ, ಎಂಜಿನ್ನಿಗೆ ಉಣಿಸುವ ಪಾತ್ರೆ. ಅದರ ಮುಚ್ಚಳದ ಗಾಳಿ ಸ್ಕ್ರೂ ಓಡುವಾಗ ತೆರೆದಿರಬೇಕು, ನಿಂತಾಗ ಮುಚ್ಚಿರಬೇಕು. ಮುಚ್ಚಿಯೇ ಹೊರಟರೆ ಕೆಲವು ನಿಮಿಷದಲ್ಲಿ ಟ್ಯಾಂಕ್ ಒಳಗೆ ಸೆಳೆದುಕೊಂಡು, ಪೈಪಿನ ನಡುವೆ ಕೈಯಲ್ಲಿ ಹಿಂಡುವ ರಬ್ಬರ್ ಬಲ್ಬ್ ಚಪ್ಪಟೆ, ಎಂಜಿನ್ ಬಂದ್. ಹಂಗಾರಕಟ್ಟೆಯ ಅಳಿವೆಯಲ್ಲಿ ತೆರೆ ಒಡೆಯುವ ಜಾಗದಲ್ಲೇ ಇದಾದರೆ ದೋಣಿ ಅಡ್ಡ ತಿರುಗುತ್ತದೆ. ಸ್ಕ್ರೂ, ಬಲ್ಬಿನ ಬಾಣ ಎಂಜಿನ್ ಕಡೆಗಿದೆಯೇ, ಕನೆಕ್ಟರಿನ ಒ-ರಿಂಗ್ ಸೀಳಿದೆಯೇ, ಇಷ್ಟನ್ನು ದಡದಲ್ಲೇ ನೋಡಿ. ಪೂರ್ತಿ ಥ್ರಾಟಲಿಗೆ ಗಂಟೆಗೆ 4ರಿಂದ 5 ಲೀಟರ್ ಲೆಕ್ಕ ಹಿಡಿದು, ಹೋಗಲು ಒಂದು ಪಾಲು, ಬರಲು ಒಂದು, ಉಳಿಕೆಗೆ ಒಂದು. ಟ್ಯಾಂಕಿಗೆ ಮತ್ತೆ ಸುರಿಯಬೇಕಿದ್ದರೆ ಅಳಿವೆಗೆ ಮೊದಲೇ, ಎಂಜಿನ್ ಆರಿಸಿ, ಶಾಂತ ನೀರಿನಲ್ಲಿ. ಗುಂಡು ಕವಾಟದ ಕುಲುಕುವ ಸೈಫನ್ ಪೈಪ್ ಇದ್ದರೆ ಕ್ಯಾನ್ ಎತ್ತಿ ಬಗ್ಗಿಸುವ ಕೆಲಸವಿಲ್ಲ, ಆಲಿಕೆಯೂ ಬೇಡ. ಕ್ಯಾನ್ ಟ್ಯಾಂಕಿಗಿಂತ ಎತ್ತರದಲ್ಲಿದ್ದರಾಯಿತು. ಸ್ಪ್ರಿಂಗ್ ಇರುವ ‘ಚೆಲ್ಲದ’ ಮೂತಿಗಳು ಉಪ್ಪು ಹಿಡಿದು ಒಂದೇ ಮಳೆಗಾಲಕ್ಕೆ ಜಾಮ್ ಆದವು.

ಸೀಮೆಎಣ್ಣೆ ಎಂಜಿನ್ನಿನವರಿಗೆ ಎರಡು ಕ್ಯಾನ್ ತಪ್ಪದು. ಸ್ಟಾರ್ಟ್ ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಸೀಮೆಎಣ್ಣೆ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್. ಪೆಟ್ರೋಲಿಗೆ 5 ಲೀಟರಿನ ಕೆಂಪು ಉಕ್ಕು, ಸೀಮೆಎಣ್ಣೆಗೆ 20 ಲೀಟರಿನ ಪ್ಲಾಸ್ಟಿಕ್: ಬೆಳಗಿನ ಜಾವದ ಕತ್ತಲಲ್ಲಿ ಮುಟ್ಟಿದರೇ ಯಾವುದೆಂದು ತಿಳಿಯುತ್ತದೆ. ಪೆಟ್ರೋಲ್ ಮಾತ್ರ ಬಳಸುವ ದೋಣಿಗೆ 20ರದ್ದು ಒಂದಕ್ಕಿಂತ 10 ಲೀಟರಿನ ಜೆರಿಕ್ಯಾನ್ ಎರಡು ವಾಸಿ. ಒಂದರಲ್ಲಿ ನೀರು ಬೆರೆತರೂ ಇನ್ನೊಂದು ಉಳಿಯುತ್ತದೆ, ತುಂಬಿದ ತೂಕವೂ ಒಂದೊಂದು 10 ಕಿಲೋ ಆಸುಪಾಸು.

ತುಂಬಿಸುವಾಗ ಕ್ಯಾನ್ ನೆಲದ ಮೇಲಿರಲಿ, ರಿಕ್ಷಾದ ಸೀಟಿನ ಮೇಲೋ ದೋಣಿಯೊಳಗೋ ಬೇಡ; ನಾಜಲ್ ಬಾಯಿಗೆ ತಾಗಿಕೊಂಡೇ ಇರಲಿ, ಸ್ಥಿರ ವಿದ್ಯುತ್ತಿನ ಕಿಡಿ ಹುಟ್ಟದಿರಲಿಕ್ಕೆ. ದೋಣಿಯಲ್ಲಿ ನಡುಭಾಗದ ತಗ್ಗಿನಲ್ಲಿ, ಬ್ಯಾಟರಿಯಿಂದ ದೂರ, ಹಿಡಿಯೊಳಗೆ ಹಗ್ಗ ತೂರಿಸಿ ಕಟ್ಟಿ. ಕೆಳಗೆ ತೂತಿನ ರಬ್ಬರ್ ಮ್ಯಾಟ್. ಮುಚ್ಚಿದ ಪೆಟ್ಟಿಗೆಯೊಳಗೆ ಇಡಬೇಡಿ, ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲೆ ಹೋಗದೆ ತಳದಲ್ಲೇ ಕೂರುತ್ತದೆ. ತೂತು ಬಿದ್ದ ಉಕ್ಕಿನ ಕ್ಯಾನನ್ನು ವೆಲ್ಡಿಂಗಿಗೆ ಕೊಡಲೇಬೇಡಿ. ಖಾಲಿ ಎಂದು ಕಂಡರೂ ಒಳಗೆ ಆವಿ ಇರುತ್ತದೆ, ಆ ಕ್ಯಾನ್ ಗುಜರಿಗೆ, ಅದೂ ಮುಚ್ಚಳ ತೆಗೆದೇ.