ಆಸ್ಪತ್ರೆ ಅನುಭವ ಕೊಡಿಸ್ತೀವಿ ಅಂತ ಹಾಸನದಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ

ಮೂರು ವಾರದಿಂದ ಬರೆಯಬೇಕು ಅಂದುಕೊಂಡು ನಾಚಿಕೆಗೆ ಸುಮ್ಮನಿದ್ದೆ. ಮೊನ್ನೆ ಹೊಳೆನರಸೀಪುರ ಕಡೆಯ ಗಿರಾಕಿಯೊಬ್ಬರು ಗೊಬ್ಬರಕ್ಕೆ ಅಂತ ಅಂಗಡಿಗೆ ಬಂದಿದ್ದರು. ಮೊಬೈಲ್ ತೆಗೆದು ಒಂದು ಪಾಂಪ್ಲೆಟ್ ತೋರಿಸಿದರು. "ಅಣ್ಣ, ಮಗಳು ನೀಟ್ ಬರೆದವಳೆ. ಇದಕ್ಕೆ ಸೇರಿಸಿದ್ರೆ ಸೀಟಿಗೆ ಅನುಕೂಲ ಆಗುತ್ತಂತೆ, ನಿಮ್ಗೆ ಗೊತ್ತಾ?" ಅಂದರು. ನೋಡಿದರೆ ನನ್ನ ಹತ್ತಿರ ದುಡ್ಡು ತಗೊಂಡ ಅದೇ ಮನುಷ್ಯ. ಅದೇ ಫೋನ್ ನಂಬರ್. ನನ್ನ ಕೈ ನಡುಗಿತು. ನಾನು ಸುಮ್ಮನಿದ್ದಿದ್ದಕ್ಕೇ ಅಲ್ವಾ ಇವರ ತನಕ ಬಂದಿದ್ದು ಅನ್ನಿಸಿತು.

ನಡೆದಿದ್ದು ಹೀಗೆ. ನನ್ನ ಅಕ್ಕ, ಭಾವ ಅಮೆರಿಕದಲ್ಲಿದ್ದಾರೆ. ಅವರ ಮಗಳು ಅಲ್ಲಿ ಡಿಗ್ರಿ ಎರಡನೇ ವರ್ಷ ಮುಗಿಸಿ ರಜೆಗೆ ಅಜ್ಜಿ ಮನೆಗೆ ಬಂದಳು. ಡಾಕ್ಟರ್ ಆಗಬೇಕು ಅನ್ನೋದು ಅವಳ ಆಸೆ. ಅಲ್ಲಿ ನಮ್ಮ ಹಾಗೆ ಪಿಯುಸಿ ಮುಗಿಸಿ ನೇರ ಮೆಡಿಕಲ್ ಸೇರೋದಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ ಮಾಡಿ, ಎಂಕ್ಯಾಟ್ ಅನ್ನೋ ಪರೀಕ್ಷೆ ಬರೆದು, ಆಮೇಲೆ ಅರ್ಜಿ ಹಾಕಬೇಕು. ಬರೀ ಮಾರ್ಕ್ಸ್ ಸಾಲದು. ಆಸ್ಪತ್ರೆಯಲ್ಲಿ ಸೇವೆ ಮಾಡಿರಬೇಕು, ಡಾಕ್ಟರ ಜೊತೆ ನಿಂತು ಅವರ ಕೆಲಸ ನೋಡಿರಬೇಕು ಅಂತ ಕಾಲೇಜಿನವರು ಬಯಸುತ್ತಾರೆ. ಇದಕ್ಕೆ ಶ್ಯಾಡೋಯಿಂಗ್ ಅಂತಾರೆ. ನೆರಳಿನ ಹಾಗೆ ಹಿಂದೆ ಇರೋದು. ನೋಡೋದು ಅಷ್ಟೇ, ಏನನ್ನೂ ಮುಟ್ಟೋ ಹಾಗಿಲ್ಲ. ಈ "ಅಷ್ಟೇ" ಅನ್ನೋದು ನನಗೆ ಆಗ ಗೊತ್ತಿರಲಿಲ್ಲ.

"ಮಾವ, ಇಲ್ಲಿ ಯಾರಾದ್ರೂ ಡಾಕ್ಟರ್ ಗೊತ್ತಾ? ಸುಮ್ನೆ ನಾಲ್ಕು ದಿನ ನೋಡ್ತೀನಿ" ಅಂದಳು. ಗೊತ್ತಿದ್ದರು. ನಮ್ಮ ಅಮ್ಮನಿಗೆ ಇಪ್ಪತ್ತು ವರ್ಷದಿಂದ ಬಿಪಿ ನೋಡ್ತಿರೋ ಡಾಕ್ಟರೇ ಇದ್ದರು. ಒಂದು ಮಾತು ಅವರನ್ನು ಕೇಳಿದ್ದರೆ ಮುಗಿದಿತ್ತು. ಆದರೆ ಜೂನ್ ತಿಂಗಳು, ಆಲೂಗಡ್ಡೆ ಬಿತ್ತನೆ ಸಮಯ, ಅಂಗಡಿಯಲ್ಲಿ ಉಸಿರಾಡೋಕೂ ಪುರುಸೊತ್ತಿಲ್ಲ. ಪಕ್ಕದ ಜೆರಾಕ್ಸ್ ಅಂಗಡಿಯವನು ಸಾಲಗಾಮೆ ರಸ್ತೆಯ ಒಂದು ಕನ್ಸಲ್ಟೆನ್ಸಿ ಹೆಸರು ಹೇಳಿದ. ಅಲ್ಲಿಗೆ ಹೋದೆ.

ಮೂವತ್ತು ದಿನಕ್ಕೆ 35,000 ರೂಪಾಯಿ. ದೊಡ್ಡ ನರ್ಸಿಂಗ್ ಹೋಮ್ ಜೊತೆ ಟೈಅಪ್ ಇದೆ ಅಂದ ಕನ್ಸಲ್ಟೆನ್ಸಿಯವನು. "ಸರ್, ಅಮೆರಿಕದಲ್ಲಿ ಮಕ್ಕಳಿಗೆ ಬರೀ ನೋಡೋಕೆ ಬಿಡ್ತಾರೆ. ನಾವು ಕೈಯಾರೆ ಮಾಡಿಸ್ತೀವಿ. ಇಂಜೆಕ್ಷನ್, ಡ್ರೆಸ್ಸಿಂಗ್, ಹೊಲಿಗೆ. ಕೊನೇಲಿ ಇನ್ನೂರು ಗಂಟೆ ಸರ್ಟಿಫಿಕೇಟ್" ಅಂದ. ನನಗೆ ಖುಷಿಯಾಯಿತು. ನಮ್ಮ ಹುಡುಗಿ ನಾಲ್ಕು ಜನಕ್ಕಿಂತ ಮುಂದೆ ಇರ್ತಾಳೆ ಅಂತ ಖುಷಿಪಟ್ಟೆ. 15,000 ಫೋನ್‌ಪೇ ಮಾಡಿದೆ, 20,000 ನಗದು ಕೊಟ್ಟೆ. ರಸೀದಿ ಕೇಳಿದ್ದಕ್ಕೆ "ಆಸ್ಪತ್ರೆಯಿಂದಲೇ ಬರುತ್ತೆ ಸರ್" ಅಂದ. ಇವತ್ತಿನವರೆಗೂ ಬಂದಿಲ್ಲ. ಅಂಗಡಿ ಇಟ್ಟುಕೊಂಡು ದಿನಾ ನೂರು ಬಿಲ್ ಬರೆಯೋ ನಾನು ರಸೀದಿ ಇಲ್ಲದೆ ದುಡ್ಡು ಕೊಟ್ಟು ಬಂದೆ.

ಮೊದಲ ಎರಡು ದಿನ ಹುಡುಗಿ ಟೋಕನ್ ಕೊಟ್ಟಳು, ಫೈಲ್ ಹೊತ್ತಳು. ಸಂಜೆ ಬಂದು "ಪರವಾಗಿಲ್ಲ ಮಾವ, ಇದೂ ಸೇವೆನೇ" ಅಂದಳು. ಡಾಕ್ಟರ್ ಮುಖ ನೋಡಿದ್ದು ಒಂದೇ ಸಲ.

ಮೂರನೇ ದಿನ ಕನ್ಸಲ್ಟೆನ್ಸಿಯವನ ಕಡೆಯ ಒಬ್ಬ ಹುಡುಗ ಬಂದು ಇವಳಿಗೆ ಬಿಳಿ ಕೋಟು ಹಾಕಿಸಿ, ಕೊರಳಿಗೆ ಸ್ಟೆತಸ್ಕೋಪ್ ಕೊಟ್ಟು, ಇಂಜೆಕ್ಷನ್ ರೂಮಿಗೆ ಕರೆದುಕೊಂಡು ಹೋಗಿದ್ದಾನೆ. ಫೋಟೋ ತೆಗೆದಿದ್ದಾನೆ. ಒಳಗೆ ಆಲೂರು ಕಡೆಯ ಒಬ್ಬ ಅಜ್ಜಿ ಕೂತಿದ್ದರಂತೆ. ಸಿಸ್ಟರ್ ಕೈಲಿದ್ದ ಸಿರಿಂಜ್ ಇವಳಿಗೆ ಕೊಡಿಸಿದ್ದಾನೆ. ಇವಳು ಬೇಡ, ನನಗೆ ಬರಲ್ಲ ಅಂದಿದ್ದಾಳೆ. ಆ ಅಜ್ಜಿ ತಾವಾಗೇ ತೋಳು ಮುಂದೆ ಮಾಡಿ, "ಹಾಕವ್ವ ಡಾಕ್ಟ್ರಮ್ಮ, ನಂಗೇನೂ ಭಯ ಇಲ್ಲ" ಅಂದರಂತೆ. ಇವಳು ಸಿರಿಂಜ್ ಟ್ರೇನಲ್ಲಿಟ್ಟು ಹೊರಗೆ ಬಂದುಬಿಟ್ಟಳು. ಹಿಂದೆಯೇ ಬಂದ ಆ ಹುಡುಗ ನಕ್ಕು ಹೇಳಿದನಂತೆ: "ಯಾಕೆ ಹೆದರ್ತೀರಾ? ಇಲ್ಲಿ ಯಾರು ಕೇಳ್ತಾರೆ?"

ಅವಳು ಮನೆಗೆ ಬಂದು ಅಳುತ್ತಾ ಈ ಮಾತು ಹೇಳಿದಾಗ ನನಗೆ ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗಾಯಿತು. ಇಲ್ಲಿ ಯಾರು ಕೇಳ್ತಾರೆ. ನಮ್ಮ ಅಮ್ಮನ ವಯಸ್ಸಿನ ಹೆಂಗಸು, ಬಸ್ ಹತ್ತಿ ಬಂದು, ದುಡ್ಡು ಕಟ್ಟಿ, ಬಿಳಿ ಕೋಟು ನಂಬಿ ತೋಳು ಕೊಟ್ಟಿದ್ದಾರೆ. ಆ ತೋಳನ್ನೇ ಅವನು ಮಾರಾಟಕ್ಕಿಟ್ಟಿದ್ದ. ದುಡ್ಡು ಕೊಟ್ಟಿದ್ದು ನಾನು.

ಅವತ್ತು ರಾತ್ರಿ ಅವಳೇ ನನಗೆ ಬಿಡಿಸಿ ಹೇಳಿದಳು. ಅಲ್ಲಿಯ ಮೆಡಿಕಲ್ ಕಾಲೇಜುಗಳ ಸಂಘದವರು 2011ರಲ್ಲೇ ಇದರ ಬಗ್ಗೆ ಮಾರ್ಗಸೂಚಿ ಮಾಡಿದ್ದಾರಂತೆ. ಬೇರೆ ದೇಶಕ್ಕೆ ಹೋದಾಗ ತರಬೇತಿ ಇಲ್ಲದೆ ರೋಗಿಗಳಿಗೆ ಚಿಕಿತ್ಸೆ ಮಾಡಿದರೆ ಅದು ಅರ್ಜಿಗೆ ಬಲ ಕೊಡೋದಿಲ್ಲ, ಅರ್ಜಿಯನ್ನೇ ಕೆಡಿಸಬಹುದು. ಅಲ್ಲಿಯ ಮೆಡಿಕಲ್ ಕಾಲೇಜುಗಳಿಗೆ ಹಾಕೋ ಆಮ್ಕಾಸ್ ಅನ್ನೋ ಅರ್ಜಿಯಲ್ಲಿ ಹೆಚ್ಚೆಂದರೆ 15 ಅನುಭವ ಬರೆಯಬಹುದು. ಪ್ರತಿಯೊಂದಕ್ಕೂ ಎಷ್ಟು ಗಂಟೆ, ಯಾರನ್ನು ವಿಚಾರಿಸಬೇಕು ಅಂತ ಬರೆಯಬೇಕು. ಸುಳ್ಳು ಗಂಟೆ ಬರೆದು ಸಿಕ್ಕಿಬಿದ್ದರೆ ಅವಳ ಕನಸು ಅಲ್ಲಿಗೆ ಮುಗೀತು. ಅಂದರೆ ಅವನು ದೊಡ್ಡದಾಗಿ ಹೇಳಿ ಮಾರಿದ್ದೇ ಅವಳನ್ನು ಮುಳುಗಿಸೋ ವಸ್ತು.

ಮಾರನೇ ದಿನ ಅಂಗಡಿ ಬಾಗಿಲು ಹಾಕಿ ನರ್ಸಿಂಗ್ ಹೋಮಿಗೆ ಹೋದೆ. ಡಾಕ್ಟರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಆ ಹುಡುಗಿ ಅಮೆರಿಕದಲ್ಲಿ ಮೆಡಿಕಲ್ ಮೂರನೇ ವರ್ಷ ಅಂತ ಹೇಳಿದ್ರಲ್ಲ?" ಅಂದರು. ಟೈಅಪ್ಪೂ ಇಲ್ಲ, ಏನೂ ಇಲ್ಲ. ದುಡ್ಡಿನ ವಿಷಯ ಅವರಿಗೆ ಗೊತ್ತೇ ಇಲ್ಲವಂತೆ. ನನಗೆ ಮಾತೇ ಹೊರಡಲಿಲ್ಲ. ಆದರೂ ಒಂದು ಐಡಿ ಕಾರ್ಡ್ ಕೂಡ ಕೇಳದೆ ಒಳಗೆ ಬಿಟ್ಟಿದ್ದು ಅವರ ತಪ್ಪೂ ಹೌದು. ಅದನ್ನು ಅವರ ಮುಖಕ್ಕೇ ಹೇಳಿ ಬಂದೆ.

ಆಮೇಲೆ ಕನ್ಸಲ್ಟೆನ್ಸಿಯವನ ಹತ್ತಿರ ದುಡ್ಡು ವಾಪಸ್ ಕೇಳಿದೆ. ಅವನ ಉತ್ತರಗಳನ್ನು ಹಾಗೇ ಹಾಕುತ್ತೇನೆ, ವಾಟ್ಸಾಪ್‌ನಲ್ಲಿ ಎಲ್ಲ ಇವೆ.

ಮೊದಲು: "ಸರ್ ಪ್ರೋಗ್ರಾಂ ಶುರುವಾದ ಮೇಲೆ ರೀಫಂಡ್ ಇಲ್ಲ."

ಆಮೇಲೆ: "ಇಲ್ಲಿವರೆಗೆ ಒಬ್ಬರೂ ಕಂಪ್ಲೇಂಟ್ ಮಾಡಿಲ್ಲ, ನೀವೊಬ್ಬರೇ."

ನಾನು ಬಿಡಲಿಲ್ಲ. ಆಗ: "ನಿಮ್ಮ ಹುಡುಗಿಗೆ ಧೈರ್ಯ ಇಲ್ಲ ಅಂದ್ರೆ ನಾವೇನ್ ಮಾಡೋಣ? ಸೂಜಿಗೆ ಹೆದರೋರು ಡಾಕ್ಟರ್ ಆಗ್ತಾರಾ?"

ಇದನ್ನು ಓದಿ ನಾನು ಎರಡು ರಾತ್ರಿ ನಿದ್ದೆ ಮಾಡಿಲ್ಲ. ಬೇಡ ಅಂತ ಹೇಳಿ ಹೊರಗೆ ಬಂದಳಲ್ಲ, ಆ ರೂಮಿನಲ್ಲಿ ಧೈರ್ಯ ಇದ್ದದ್ದು ಅವಳೊಬ್ಬಳಿಗೆ.

ಕೊನೆಗೆ: "ಅಮೆರಿಕದವರಿಗೆ 35,000 ಎಷ್ಟು ಸರ್, ಐನೂರು ಡಾಲರೂ ಆಗಲ್ಲ." ಜೊತೆಗೆ ಒಂದು ಪಿಡಿಎಫ್. ತೆರೆದರೆ ಸರ್ಟಿಫಿಕೇಟ್. ಅವಳು ಹೋಗಿದ್ದು ಮೂರು ದಿನ. ಅದರಲ್ಲಿ ಇನ್ನೂರು ಗಂಟೆ, ಕೆಳಗೆ ಆ ಡಾಕ್ಟರ ಸಹಿ. ಸಹಿ ತನ್ನದಲ್ಲ ಅಂತ ಡಾಕ್ಟರ್ ಫೋನಿನಲ್ಲಿ ಕೂಗಾಡಿದರು.

ನೀಟ್ ಬರೆದ ಮಕ್ಕಳ ತಂದೆ ತಾಯಿ ದಯವಿಟ್ಟು ಕೇಳಿ. ನಮ್ಮ ಕರ್ನಾಟಕದಲ್ಲಿ ಎಂಬಿಬಿಎಸ್ ಸೀಟು ಸಿಗೋದು ನೀಟ್ ರ‍್ಯಾಂಕ್ ಮೇಲೆ. 720ಕ್ಕೆ ಎಷ್ಟು ಬಂತು, ರ‍್ಯಾಂಕ್ ಎಷ್ಟು, ಯಾವ ಕೆಟಗರಿ, ಅಷ್ಟೇ. ಸೀಟು ಹಂಚೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ ಆಸ್ಪತ್ರೆ ಗಂಟೆ ಲೆಕ್ಕಕ್ಕೇ ಇಲ್ಲ. ಮ್ಯಾನೇಜ್‌ಮೆಂಟ್ ಸೀಟಿಗೂ ನೀಟ್ ಬೇಕು. ಸರ್ಟಿಫಿಕೇಟ್ ಇದ್ದರೆ ಸೀಟು ಅಂತ ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು.

ಮಕ್ಕಳಿಗೆ ನಿಜವಾಗಿ ಆಸ್ಪತ್ರೆ ನೋಡೋ ಆಸೆ ಇದ್ದರೆ ನಿಮ್ಮ ಮನೆ ಡಾಕ್ಟರನ್ನೇ ನೇರವಾಗಿ ಕೇಳಿ. ಮಧ್ಯೆ ಯಾರೂ ಬೇಡ. ಬಿಳಿ ಕೋಟು ಹಾಕಿಸಿದರೆ ಅಲ್ಲಿಂದ ಎದ್ದು ಬನ್ನಿ.

ನಾವು ಕೊನೆಗೆ ಹಾಗೇ ಮಾಡಿದೆವು. ಅಮ್ಮನ ಬಿಪಿ ನೋಡೋ ಡಾಕ್ಟರ್ ಒಂದು ಪೈಸೆ ಕೇಳಲಿಲ್ಲ. ಆರು ದಿನ ಬೆಳಿಗ್ಗೆ ಮೂರು ಮೂರು ಗಂಟೆ ಮೂಲೆಯ ಕುರ್ಚಿಯಲ್ಲಿ ಕೂರಿಸಿಕೊಂಡರು. ಪ್ರತಿ ರೋಗಿಗೂ "ಈ ಹುಡುಗಿ ಇನ್ನೂ ಓದ್ತಿದ್ದಾಳೆ, ಡಾಕ್ಟರ್ ಅಲ್ಲ. ಇವಳು ಇಲ್ಲಿದ್ರೆ ನಿಮಗೆ ಪರವಾಗಿಲ್ವಾ?" ಅಂತ ಕೇಳುತ್ತಿದ್ದರಂತೆ. ಇಬ್ಬರು ಬೇಡ ಅಂದಾಗ ಹೊರಗೆ ಕಳಿಸಿದರು. ತನ್ನ ನೋಟ್‌ಬುಕ್ಕಿನಲ್ಲಿ ಅವಳು ಹದಿನೆಂಟು ಗಂಟೆ ಅಂತ ಬರೆದುಕೊಂಡಳು. ಅದರಲ್ಲೂ ಹೊರಗೆ ಕೂತ ಹೊತ್ತನ್ನು ಕಳೀಬೇಕಾ ಅಂತ ನನ್ನನ್ನು ಕೇಳಿದಳು.

1915ಕ್ಕೆ ಫೋನ್ ಮಾಡಿ ಗ್ರಾಹಕರ ದೂರು ಕೊಟ್ಟಿದ್ದೇನೆ. ಕಳ್ಳ ಸಹಿಯ ವಿಷಯಕ್ಕೆ ಡಾಕ್ಟರ್ ಪೊಲೀಸರ ಹತ್ತಿರ ಹೋಗ್ತೀನಿ ಅಂದಿದ್ದಾರೆ. ನನ್ನ ಹತ್ತಿರ ಇರೋದು 15,000ದ ಫೋನ್‌ಪೇ ದಾಖಲೆ ಮಾತ್ರ, ಉಳಿದ 20,000ಕ್ಕೆ ಏನೂ ಇಲ್ಲ. ನಿಮ್ಮಲ್ಲಿ ಯಾರಾದರೂ ಇವನಿಗೆ ದುಡ್ಡು ಕೊಟ್ಟಿದ್ದರೆ, ನಾಚಿಕೆ ಬಿಟ್ಟು ನನಗೆ ತಿಳಿಸಿ. ಒಟ್ಟಿಗೆ ಹೋಗಿ ದೂರು ಕೊಡೋಣ. ಹೊಳೆನರಸೀಪುರದವರು ಮಗಳನ್ನು ಸೇರಿಸಲಿಲ್ಲ. ಆದರೆ ಆ ಆಫೀಸಿನ ಬೋರ್ಡ್ ಇವತ್ತು ಬೆಳಿಗ್ಗೆಯೂ ಅಲ್ಲೇ ಇತ್ತು, ಕೆಳಗೆ ನಾಲ್ಕು ಜನ ನಿಂತಿದ್ದರು.