ಪೂಜೆ, ಮಾರ್ಕೆಟ್ಟು, ಕಬ್ಬನ್ ಪಾರ್ಕು, ಆಮೇಲೆ ಟಾಯ್ಟ್‌ನ ಬಿಯರ್

ಬೆಂಗಳೂರಿನ ಇಂದಿರಾನಗರದಲ್ಲಿ ಬಿಯರನ್ನು ತಾವೇ ತಯಾರಿಸಿ ಕೊಡುವ ಪಬ್ಬು ಟಾಯ್ಟ್. ಅಲ್ಲಿಗೆ ಹೋಗುವುದಾದರೆ ಭಾನುವಾರ ಮಧ್ಯಾಹ್ನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಸಂಜೆ ಜನ ಜಾಸ್ತಿ. ಹಾಡು, ಗದ್ದಲ ಇಷ್ಟಪಡುವವರಿಗೆ ಅದೇ ಸರಿ. ನಾನು, ನಮ್ಮ ಭಾವ ಕೂತು ಮಾತಾಡುವುದಕ್ಕೆ ಹೋಗುವವರು. ಬಿಯರ್‌ನ ರುಚಿ ನಾಲಿಗೆಗೆ ಸರಿಯಾಗಿ ಸಿಗುವುದೂ ಮಧ್ಯಾಹ್ನದ ಹೊತ್ತಿನಲ್ಲೇ.

ನಮ್ಮ ಭಾನುವಾರ ಶುರುವಾಗುವುದು ಶಿವಾಜಿನಗರದ ಸೇಂಟ್ ಮೇರೀಸ್ ಬಸಿಲಿಕಾದಲ್ಲಿ, ಬೆಳಗಿನ ಕನ್ನಡ ಪೂಜೆಗೆ. ಅಕ್ಕ, ಭಾವ, ನಾನು, ಮೂವರೂ ಹೋಗುತ್ತೇವೆ. ಪೂಜೆಯಲ್ಲಿ ಪರಮಪ್ರಸಾದ (ಪಾದ್ರಿ ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಳ್ಳುವ ಒಂದು ಗಂಟೆ ಮೊದಲಿನಿಂದ ಏನೂ ತಿನ್ನುವಂತಿಲ್ಲ, ಹಾಗಾಗಿ ಬರೀ ನೀರು ಕುಡಿದು ಹೊರಡುವುದು. 1974ರಲ್ಲಿ, ಪೋಪ್ ಕೊಡುವ ಬಸಿಲಿಕಾ ಅನ್ನೋ ಗೌರವ ಪಡೆದ ದೇವಾಲಯ ಇದು. ಸೀರೆ ಉಟ್ಟ ಮೇರಿ ಮಾತೆಯ ಮುಂದೆ ನಮ್ಮವರಷ್ಟೇ ಅಲ್ಲ, ಹಣೆಗೆ ಕುಂಕುಮ ಇಟ್ಟವರು, ಬುರ್ಖಾ ಹಾಕಿದವರು ಎಲ್ಲರೂ ಮೇಣದಬತ್ತಿ ಹಚ್ಚುತ್ತಾರೆ. ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ಅಲ್ಲಿ ಎರಡು ನಿಮಿಷ ನಿಲ್ಲದೆ ಕಾಲು ಕೀಳಲು ಮನಸ್ಸಾಗುವುದಿಲ್ಲ.

ಹೊರಗೆ ಬಂದರೆ ಹತ್ತಿರದಲ್ಲೇ 1927ರ ರಸೆಲ್ ಮಾರ್ಕೆಟ್. ಅಲ್ಲಿ ಅಕ್ಕನದೇ ಆಡಳಿತ. ಹುರುಳಿಕಾಯಿ ರಾಶಿಯಿಂದ ಒಂದನ್ನು ಎತ್ತಿ ಪಟ್ ಅಂತ ಮುರಿಯುತ್ತಾಳೆ. ನಾರು ಎದ್ದರೆ ಮುಂದಿನ ಅಂಗಡಿ. ಮೀನಿನ ಕಿವಿರು ಎತ್ತಿ ಕೆಂಪಗಿದೆಯಾ ಅಂತ ನೋಡದೆ ದುಡ್ಡು ಬಿಚ್ಚುವುದಿಲ್ಲ. ಮೂವರೂ ಇಡ್ಲಿ ತಿಂದ ಮೇಲೆ ಚೀಲಗಳ ಜೊತೆ ಅವಳನ್ನು ಆಟೋ ಹತ್ತಿಸಿ, ನಾವಿಬ್ಬರೂ ಕಬ್ಬನ್ ಪಾರ್ಕಿನ ಕಡೆ ನಡೆಯುತ್ತೇವೆ.

ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಬೇರೆ ದಿನ ಕಾರು ಓಡಾಡುವ ರಸ್ತೆಯಲ್ಲಿ ಅವತ್ತು ಮಕ್ಕಳು ಸ್ಕೇಟಿಂಗ್ ಮಾಡುತ್ತಿರುತ್ತಾರೆ. ಕೆಂಪು ಬಣ್ಣದ ಲೈಬ್ರರಿ ಕಟ್ಟಡ, ಬಿದಿರು ಮೆಳೆ, ಮತ್ತೆ ಲೈಬ್ರರಿ. ಹೀಗೆ ಬಿರುಸಾಗಿ ಮೂರು ಸುತ್ತು. ಭಾವನಿಗೆ ಡಾಕ್ಟರ್ ನಡೆಯಲು ಹೇಳಿದ್ದಾರೆ. ಮೊದಮೊದಲು ಒಂದೇ ಸುತ್ತಿಗೆ ಏದುಸಿರು ಬಿಡುತ್ತಿದ್ದ ಮನುಷ್ಯ ಈಗ ನನಗಿಂತ ಮುಂದಿರುತ್ತಾರೆ. ನೋಡಿದರೆ ನಿಜವಾಗಿ ಸಂತೋಷವಾಗುತ್ತದೆ.

ಅಲ್ಲಿಂದ ಮೆಟ್ರೋ. ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ನೇರಳೆ ಮಾರ್ಗದ ರೈಲು ಹತ್ತಿದರೆ ಎಂ.ಜಿ. ರೋಡ್, ಟ್ರಿನಿಟಿ, ಹಲಸೂರು, ನಾಲ್ಕನೆಯದು ಇಂದಿರಾನಗರ. ದಯವಿಟ್ಟು ಮೆಟ್ರೋದಲ್ಲೇ ಹೋಗಿ. ಕುಡಿದು ಗಾಡಿ ಓಡಿಸುವ ಮಾತೇ ಬರುವುದಿಲ್ಲ.

ಟಾಯ್ಟ್ ನೂರಡಿ ರಸ್ತೆಯಲ್ಲಿದೆ, 2010ರಿಂದ. ಬಿಯರ್ ಅಲ್ಲೇ ಕಾಯಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಗ್ಲಾಸಿಗೆ ಇಳಿಸುತ್ತಾರೆ. ನಾನು ಮೊದಲು ಕೇಳುವುದು ಬಾಸ್ಮತಿ ಬ್ಲಾಂಡ್. ಹೆಸರೇ ಹೇಳುವ ಹಾಗೆ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಬಾಸ್ಮತಿ ಅಕ್ಕಿ ಬಿದ್ದಿರುತ್ತದೆ. ಅಕ್ಕಿ ಸೇರಿದರೆ ಬಿಯರ್ ಹಗುರಾಗುತ್ತದೆ, ಗಂಟಲಲ್ಲಿ ಭಾರ ಉಳಿಯುವುದಿಲ್ಲ. ಮೂರು ಸುತ್ತು ನಡೆದು ಬೆವರಿದ ಮೈಗೆ ಮೊದಲ ಗುಟುಕು ಇಳಿಯುವಾಗ ಕಹಿ ಗೊತ್ತೇ ಆಗುವುದಿಲ್ಲ, ಕೊನೆಯಲ್ಲಿ ಮಾತ್ರ ನಾಲಿಗೆಯ ಹಿಂದೆ ಒಂಚೂರು ಹಣಕಿ ಹೋಗುತ್ತದೆ.

ಭಾವನ ಆಯ್ಕೆ ಟಾಯ್ಟ್ ವೈಸ್. ಇದು ಜರ್ಮನ್ ಶೈಲಿಯ ಗೋಧಿ ಬಿಯರ್. ಸೋಸಿರುವುದಿಲ್ಲ, ಅದಕ್ಕೇ ಮಂಜು ಕವಿದ ಹಾಗೆ ಮಬ್ಬು ಹಳದಿ. ಮೇಲೆ ಎರಡು ಬೆರಳಷ್ಟು ದಪ್ಪ ಬಿಳಿ ನೊರೆ. ಗ್ಲಾಸ್ ಮೂಗಿನ ಹತ್ತಿರ ತಂದರೆ ಸಾಕು, ಮಾಗಿದ ಬಾಳೆಹಣ್ಣು, ಹಿಂದೆಯೇ ಲವಂಗ. ಮೊದಲ ಸಲ ಮೂಸಿದಾಗ ಭಾವ ಕೇಳಿದ್ದರು, ‘ಬಾಳೆಹಣ್ಣು ಹಾಕಿದಾರೇನೋ ಇದಕ್ಕೆ?’

‘ಇಲ್ಲ ಭಾವ, ಹಣ್ಣೂ ಇಲ್ಲ, ಲವಂಗವೂ ಇಲ್ಲ. ಎಲ್ಲಾ ಬಿಯರ್ ಹುದುಗಿಸೋ ಯೀಸ್ಟ್ ಮಾಡೋ ಕೆಲಸ’ ಅಂದೆ. ಬಾಳೆಹಣ್ಣಿಗೆ ಆ ವಾಸನೆ ಕೊಡುವ ಅಂಶವನ್ನೇ ಈ ಯೀಸ್ಟ್ ಕೂಡ ಹುದುಗುವಾಗ ಹುಟ್ಟಿಸುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟಿಗೆ ಬೆಳಗ್ಗೆ ತನ್ನದೇ ಒಂದು ಘಮ ಬಂದಿರುತ್ತದಲ್ವಾ, ಹಾಗೆ. ಬಿಯರ್ ಹಳತಾದಂತೆ ಈ ವಾಸನೆ ಇಳಿಯುತ್ತಾ ಹೋಗುತ್ತದೆ. ಗೋಧಿ ಬಿಯರನ್ನು ತಯಾರಾದ ಜಾಗದಲ್ಲೇ ಕುಡಿಯಬೇಕು ಅನ್ನುವುದು ಅದಕ್ಕೇ.

ಬೆಲೆ ಬಾಟಲಿ ಬಿಯರ್‌ಗಿಂತ ಜಾಸ್ತಿ, ನಿಜ. ಆದರೆ ನಗರದ ಇನ್ನೊಂದು ಕಡೆ, ಹೆಸರು ಬೇಡ, ಇದೇ ದುಡ್ಡು ಕೊಟ್ಟು ಬೆಣ್ಣೆ ವಾಸನೆಯ ಬಿಯರ್ ಕುಡಿದಿದ್ದೇನೆ. ಯೀಸ್ಟ್ ತನ್ನ ಕೆಲಸ ಪೂರ್ತಿ ಮುಗಿಸುವ ಮೊದಲೇ ಅವಸರದಲ್ಲಿ ಇಳಿಸಿದರೆ ಹಾಗಾಗುತ್ತದೆ. ಹೇಳಿದರೆ, ‘ನಮ್ಮದು ಹೀಗೇ ಇರೋದು ಸಾರ್’ ಅಂದರು. ಬಹಳ ಬೇಜಾರಾಯಿತು. ಟಾಯ್ಟ್‌ನಲ್ಲಿ ನನಗೆ ಇದುವರೆಗೆ ಅಂಥ ಗ್ಲಾಸ್ ಬಂದಿಲ್ಲ. ಪ್ರತಿ ಭಾನುವಾರ ಅದೇ ರುಚಿ, ಅದೇ ಘಮ. ಕೈಯಲ್ಲಿ ಮಾಡುವ ಪದಾರ್ಥದಲ್ಲಿ ಇದು ಸಣ್ಣ ಮಾತಲ್ಲ. ಇಷ್ಟು ದೂರ ಬರುವುದು ಅದಕ್ಕಾಗಿಯೇ.

ಬೆಲ್ಜಿಯಂ ಶೈಲಿಯ ಬಿಯರೂ ಇದೆ, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿದ್ದು. ಬೇರೆಯವರು ಮೆಚ್ಚುತ್ತಾರೆ. ನನಗೆ ಕೊತ್ತಂಬರಿ ಬೀಜ ಅಂದರೆ ಸಾರಿನ ಪುಡಿಯೇ ನೆನಪಾಗುತ್ತದೆ, ಹಾಗಾಗಿ ಆ ಕಡೆ ಹೋಗಿಲ್ಲ. ಒಲೆಯಲ್ಲಿ ಸುಟ್ಟ ಪಿಜ್ಜಾ ಒಂದು ಹೇಳಿದರೆ ಇಬ್ಬರಿಗೆ ಸಾಕು. ಅಂಚು ಗರಿಗರಿ, ಅಲ್ಲಲ್ಲಿ ಕಪ್ಪಗೆ ಸೀದ ಚುಕ್ಕೆ.

ಒಬ್ಬೊಬ್ಬರಿಗೆ ಎರಡು ಗ್ಲಾಸ್, ಅಷ್ಟೇ. ಮೂರು ಗಂಟೆಗೆಲ್ಲ ವಾಪಸ್ ಮೆಟ್ರೋ, ಯಾಕಂದರೆ ಮನೆಯಲ್ಲಿ ಅಕ್ಕ ಮೀನು ಸಾರು ಇಟ್ಟಿರುತ್ತಾಳೆ. ಮುಂದಿನ ವಾರ ಬಿಲ್ಲು ಭಾವನ ಸರದಿ. ನನ್ನ ಕೈಲೂ ವೈಸ್ ಕುಡಿಸುತ್ತೇನೆ ಅಂದಿದ್ದಾರೆ.